ನಾಲ್ಕನೇ ಪುಟದಿಂದ ಶುರು ಮಾಡಿ

ನಮಸ್ಕಾರ.

ಸ್ಕಾಟ್ಲೆಂಡಿನ ರಿಕಾರ್ಟನ್ ಜಂಕ್ಷನ್ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ವಾಪಸ್ ಕಳಿಸಿ ಸುಮ್ಮನಾಗಲೂ ಮನಸ್ಸಿಲ್ಲ.

ಮೊದಲ ಮೂರು ಪುಟ ಬರೀ ಇಸವಿ. 1862ರಲ್ಲಿ ಜಂಕ್ಷನ್ ಶುರುವಾಯಿತು. 1956ರಲ್ಲಿ ಹೆಕ್ಸ್‌ಹ್ಯಾಮ್ ಕಡೆಯ ಕವಲಿನಲ್ಲಿ ಪ್ರಯಾಣಿಕರ ರೈಲು ನಿಂತಿತು. 1969ರ ಜನವರಿಯಲ್ಲಿ ಎಡಿನ್‌ಬರೋ–ಕಾರ್ಲೈಲ್ ಮಾರ್ಗವೂ ಮುಚ್ಚಿತು. ಎಲ್ಲ ಸರಿ, ಆದರೆ ಟೈಮ್‌ಟೇಬಲ್ ಓದಿದ ಹಾಗಾಯಿತು. ರೈಲಿನ ಹುಚ್ಚು ಇರುವವರೆಲ್ಲ ಹೀಗೇ ಬರೆಯುತ್ತೇವೆ, ನಾನೂ ಬರೆದಿದ್ದೇನೆ.

ನಾಲ್ಕನೇ ಪುಟದಲ್ಲಿ ‘ಊರಿಗೆ ರಸ್ತೆ ಇರಲಿಲ್ಲ’ ಎಂದು ಒಂದೇ ಸಾಲು ಬರೆದು ಮುಂದೆ ಹೋಗಿದ್ದೀರಿ. ಅಲ್ರೀ, ನಿಮ್ಮ ಲೇಖನ ಇರುವುದೇ ಅಲ್ಲಿ! ಗುಡ್ಡಗಳ ನಡುವೆ ರೈಲ್ವೆ ಕೆಲಸದವರಿಗೆಂದೇ ಕಟ್ಟಿದ ಊರು. ದಿನಸಿ ಅಂಗಡಿ ಪ್ಲಾಟ್‌ಫಾರ್ಮಿನ ಮೇಲೆ. ಡಾಕ್ಟರ್ ಬರಬೇಕಾದರೂ ರೈಲು, ಭಾನುವಾರ ಚರ್ಚಿಗೆ ಹೋಗಬೇಕಾದರೂ ರೈಲು. ಕೊನೆಗೆ 1960ರ ದಶಕದಲ್ಲಿ ಅರಣ್ಯದವರ ದಾರಿ ಬಂತು. ಅಷ್ಟರಲ್ಲಿ ರೈಲಿಗೇ ಹೊರಡುವ ಹೊತ್ತಾಗಿತ್ತು. ಇಷ್ಟೆಲ್ಲ ಕೈಯಲ್ಲಿಟ್ಟುಕೊಂಡು ಇಸವಿ ಎಣಿಸುತ್ತಾ ಕೂತಿದ್ದೀರಲ್ಲ!

ಯಾರೂ ಇಲ್ಲದ ಜಾಗದಲ್ಲಿ ಜಂಕ್ಷನ್ ಯಾಕೆ ಎಂಬುದನ್ನೂ ನೀವು ಹೇಳಿಲ್ಲ. ಎಡಿನ್‌ಬರೋದ ನಾರ್ತ್ ಬ್ರಿಟಿಷ್ ರೈಲ್ವೆ ಕಂಪನಿಗೆ ತನ್ನದೇ ದಾರಿಯಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ಮುಟ್ಟುವ ಆಸೆ. ಇಲ್ಲಿಂದ ಹೆಕ್ಸ್‌ಹ್ಯಾಮ್ ಕಡೆ ಕವಲು ಹೊರಟಿದ್ದು ಅದಕ್ಕೇ. ಹೆಕ್ಸ್‌ಹ್ಯಾಮ್‌ನಿಂದ ಮುಂದಿನ ಕೊನೆಯ ತುಂಡಿಗೆ ಎದುರಾಳಿ ನಾರ್ತ್ ಈಸ್ಟರ್ನ್ ಕಂಪನಿಯ ಹಳಿ ಬೇಕಾಯಿತು. ಅದಕ್ಕೆ ಬದಲಾಗಿ ಬೆರಿಕ್‌ನಿಂದ ಎಡಿನ್‌ಬರೋವರೆಗಿನ ತನ್ನ ಒಳ್ಳೆಯ ಹಳಿಯ ಮೇಲೆ ಅವರಿಗೆ ದಾರಿ ಬಿಡಬೇಕಾಯಿತು. ನನ್ನ ಕೇಳಿದರೆ ಜಾಸ್ತಿ ದುಬಾರಿ ವ್ಯಾಪಾರ. ಒಂದು ಪ್ಯಾರಾ ಸಾಕು, ಆದರೆ ಬೇಕೇ ಬೇಕು.

ಒಂದು ತಪ್ಪೂ ಇದೆ. ‘ಕೊನೆಯ ರೈಲು ಸದ್ದಿಲ್ಲದೆ ಹೊರಟುಹೋಯಿತು’ ಎಂದಿದ್ದೀರಿ. ಇಲ್ಲ. ಅದೇ ಮಾರ್ಗದ ಹತ್ತಿರದ ಊರು ನ್ಯೂಕ್ಯಾಸಲ್‌ಟನ್‌ನಲ್ಲಿ (ಇದು ಬೇರೆ, ನ್ಯೂಕ್ಯಾಸಲ್ ಬೇರೆ, ಓದುಗರಿಗೆ ಬಿಡಿಸಿ ಹೇಳಿ) ಜನ ರೈಲ್ವೆ ಗೇಟು ಹಾಕಿ ಆ ರಾತ್ರಿಯ ರೈಲನ್ನು ತಡೆದರು. ಪೊಲೀಸರು ಚರ್ಚಿನ ಪಾದ್ರಿಯನ್ನೇ ಹಿಡಿದರು. ಅದೇ ರೈಲಿನಲ್ಲಿದ್ದ ಸಂಸದ ಡೇವಿಡ್ ಸ್ಟೀಲ್ ಮಧ್ಯೆ ಬಂದು ಮಾತಾಡಬೇಕಾಯಿತು.

ಪಾಳುಬಿದ್ದ ಪ್ಲಾಟ್‌ಫಾರ್ಮು, ನಿಟ್ಟುಸಿರು ಬಿಡುವ ಗಾಳಿ ಇರುವ ಕೊನೆಯ ಪುಟ ಪೂರ್ತಿ ತೆಗೆಯಿರಿ. ಲೇಖನ ಆ ಗೇಟಿನ ಹತ್ತಿರವೇ ನಿಲ್ಲಲಿ. ಅರ್ಧಕ್ಕೆ ಇಳಿಸಿ ಮತ್ತೆ ಕಳಿಸಿ, ಓದುತ್ತೇನೆ.