ಹಿಮ ಬಿದ್ದರೆ ರಸ್ತೆ ಬಂದ್ ಆಗಲ್ವಾ?

ಪ್ರಶ್ನೆ: ಕಕ್ಕಡ ತಿಂಗಳ ಮಳೆಗೇ ನಮ್ಮ ರಸ್ತೆ ಬಂದ್. ಆಳೆತ್ತರ ಹಿಮ ಬೀಳುವ ದೇಶದವರು ಓಡಾಡುವುದು ಹೇಗೆ?
— ಓದುಗರು, ಭಾಗಮಂಡಲ

ಉತ್ತರ: ನನಗೆ ಬಹಳ ಹಿಡಿಸಿದ್ದು ಜಪಾನಿನ ನಾಗಾವೋಕಾ ಊರಿನ ಉಪಾಯ. ರಸ್ತೆ ನಡುವೆ ಸಾಲಾಗಿ ಪುಟ್ಟ ತೂತುಗಳು. ಹಿಮ ಬಿದ್ದಾಗ ಅವುಗಳಿಂದ ಅಂತರ್ಜಲ ಚಿಮ್ಮುತ್ತದೆ. ಮಡಿಕೇರಿಯ ನಮ್ಮ ಮನೆ ಬಾವಿ ನೀರು ಡಿಸೆಂಬರ್ ಬೆಳಗ್ಗೆ ಬೆಚ್ಚಗಿರುತ್ತದೆ, ಅದೇ ಲೆಕ್ಕ. ಹಿಮ ಕರಗಿ ಚರಂಡಿ ಸೇರುತ್ತದೆ. ನೀರಿನ ಕಬ್ಬಿಣದಿಂದ ರಸ್ತೆಗೆ ಮಾತ್ರ ತುಕ್ಕಿನ ಬಣ್ಣ, ಥೇಟ್ ನಮ್ಮ ತೋಟದ ದಾರಿ! ಐಸ್‌ಲ್ಯಾಂಡಿನ ರೇಕ್ಯಾವಿಕ್‌ನಲ್ಲಿ ಎಷ್ಟೋ ಫುಟ್‌ಪಾತ್‌ಗಳ ಕೆಳಗೆ ಬಿಸಿನೀರಿನ ಪೈಪುಗಳಿವೆ. ಕೆನಡಾದ ಮಾಂಟ್ರಿಯಲ್‌ನವರು ಹಿಮವನ್ನು ಲಾರಿಗೆ ತುಂಬಿ ಸಾಗಿಸುತ್ತಾರೆ. ಇನ್ನು ಉಪ್ಪು. ನಾವು ಜಿಗಣೆಗೆ ಹಾಕಿದರೆ ಹಿಮದ ನಾಡಿನವರು ಹಿಮ ಕರಗಲೆಂದು ರಸ್ತೆಗೆ ಹಾಕುತ್ತಾರೆ. ಆದರೆ ಚಳಿ ಮೈನಸ್ 10 ಡಿಗ್ರಿ ದಾಟಿದರೆ ಉಪ್ಪಿನ ಆಟ ಜಾಸ್ತಿ ನಡೆಯದು. ಆಗ ಟೈರು ಜಾರದಂತೆ ಮರಳು, ಜಲ್ಲಿಪುಡಿ ಎರಚುತ್ತಾರೆ.