ಉಬುಂಟುವಿನಲ್ಲಿ ಆಟ ಪರದೆಯ ಮೂಲೆ ಸೇರುತ್ತದೆ, ಚಿತ್ರ ಕುಂಟುತ್ತದೆ. ಮತ್ತೆ ಮೊದಲಿನಿಂದ ಸ್ಥಾಪಿಸಬೇಕೇ?

ನೀವು ಹೇಳಿರುವುದು ಇಷ್ಟು: ಕಳೆದ ವಾರ ವಿಂಡೋಸ್ ಬಿಟ್ಟು ಉಬುಂಟುವಿಗೆ ಬಂದಿದ್ದೀರಿ. ಆಟಗಳ ಅಂಗಡಿಯಾದ ಸ್ಟೀಮ್‌ನಿಂದ ಆಟ ತೆರೆದರೆ ಅದು ಎಡಗಡೆಯ ಮೇಲ್ಮೂಲೆಯಲ್ಲಿ ಚಿಕ್ಕದಾಗಿ ನಿಲ್ಲುತ್ತದೆ, ಉಳಿದ ಪರದೆಯೆಲ್ಲ ಕಪ್ಪು. ಸಾಲದೆಂಬಂತೆ ಚಿತ್ರವೂ ಕುಂಟುತ್ತದೆ. ಆಟದ ಸೆಟ್ಟಿಂಗ್ಸ್ ಪೂರ್ತಿ ಜಾಲಾಡಿದರೂ ಪ್ರಯೋಜನವಾಗಿಲ್ಲ.

ಮರುಸ್ಥಾಪನೆ ಬೇಡ. ಆ ಕೆಲಸವನ್ನು ನಾನು ಎರಡು ಸಲ ಮಾಡಿದ್ದೇನೆ, ಎರಡು ಸಲವೂ ದಂಡ. ನಿಮ್ಮಲ್ಲಿರುವುದು ಒಂದು ಕಾಯಿಲೆಯಲ್ಲ, ಬಹುಶಃ ಎರಡು. ಒಂದೊಂದಾಗಿ ನೋಡೋಣ.

ಮೊದಲು ಕುಂಟುವುದರ ವಿಷಯ. ಆಟವನ್ನು ಮುಚ್ಚಿ, ಉಬುಂಟುವಿನ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ, ಅಬೌಟ್ ಎಂದು ಹೋಗಿ, ಸಿಸ್ಟಂ ವಿವರಗಳಲ್ಲಿ ಗ್ರಾಫಿಕ್ಸ್ ಎಂಬ ಸಾಲನ್ನು ಓದಿ. ಅಲ್ಲಿ ನಿಮ್ಮ ಗ್ರಾಫಿಕ್ಸ್ ಕಾರ್ಡಿನ ಹೆಸರಿರಬೇಕು. ಅದರ ಬದಲು ‘ಎಲ್‌ಎಲ್‌ವಿಎಂಪೈಪ್’ ಎಂದಿದ್ದರೆ ಕಳ್ಳ ಸಿಕ್ಕಿಬಿದ್ದಂತೆಯೇ. ಕಾರ್ಡ್ ಸುಮ್ಮನೆ ಕುಳಿತಿದೆ, ಚಿತ್ರದ ಪ್ರತಿಯೊಂದು ಚುಕ್ಕೆಯನ್ನೂ ಪ್ರೊಸೆಸರ್ ಒಬ್ಬಂಟಿಯಾಗಿ ಬಿಡಿಸುತ್ತಿದೆ ಎಂದರ್ಥ. ಹೀಗಿರುವಾಗ ಆಟದೊಳಗೆ ನೆರಳು, ಹುಲ್ಲು, ಪ್ರತಿಬಿಂಬ ಎಲ್ಲವನ್ನೂ ಕಡಿಮೆ ಮಾಡಿದರೂ ಅಷ್ಟೇ.

ನನಗಾದದ್ದು ಇದೇ. ಸ್ಥಾಪಿಸುವಾಗ ಪರದೆ ಕಪ್ಪಾಗಿ ಹೋಗುತ್ತಿತ್ತು. ಯಾರೋ ಹೇಳಿದರೆಂದು, ಕಂಪ್ಯೂಟರ್ ಶುರುವಾಗುವಾಗ ಓದುವ ಬೂಟ್ ಸಾಲಿಗೆ ‘ನೋಮೋಡ್‌ಸೆಟ್’ ಎಂಬ ಪದ ಸೇರಿಸಿದೆ, ಚಿತ್ರ ಬಂತು. ಆ ಖುಷಿಯಲ್ಲಿ ಅದನ್ನು ಗ್ರಬ್ (ಉಬುಂಟುವನ್ನು ಶುರುಮಾಡುವ ತಂತ್ರಾಂಶ) ಕಡತದಲ್ಲಿ ಶಾಶ್ವತವಾಗಿ ಬರೆದಿಟ್ಟೆ. ಆ ಪದದ ಕೆಲಸವೇ ಕರ್ನೆಲ್‌ನ (ಉಬುಂಟುವಿನ ತಿರುಳಿನ) ನಿಜವಾದ ಗ್ರಾಫಿಕ್ಸ್ ಡ್ರೈವರ್ ಪರದೆಯನ್ನು ವಶಕ್ಕೆ ತೆಗೆದುಕೊಳ್ಳದಂತೆ ತಡೆಯುವುದು. ಸ್ಥಾಪನೆ ಮುಗಿಯುವವರೆಗೆ ಅದು ಮದ್ದು, ಆಮೇಲೆ ಅದೇ ರೋಗ. ಆಟದ ಮೆನುವಿನಲ್ಲಿ ಮೌಸ್ ಕೆಸರಿನಲ್ಲಿ ಕಾಲೆಳೆದಂತೆ ಚಲಿಸುತ್ತಿತ್ತು. ನಾನೋ ಆಟವನ್ನು ಬೈದೆ, ಕಾರ್ಡನ್ನು ಬೈದೆ, ಎರಡು ಬಾರಿ ಎಲ್ಲವನ್ನೂ ಅಳಿಸಿ ಹೊಸದಾಗಿ ಸ್ಥಾಪಿಸಿದೆ. ಪ್ರತಿ ಬಾರಿಯೂ ಆ ಪದವನ್ನು ಶ್ರದ್ಧೆಯಿಂದ ಮತ್ತೆ ಸೇರಿಸಿದೆ! ನೀವೂ ಅಂಥದ್ದೇನಾದರೂ ಮಾಡಿದ್ದರೆ, ಇಟಿಸಿ ಫೋಲ್ಡರಿನೊಳಗಿನ ಡಿಫಾಲ್ಟ್ ಫೋಲ್ಡರಿನಲ್ಲಿರುವ ಗ್ರಬ್ ಎಂಬ ಕಡತವನ್ನು ಸುಡೋ ಅಧಿಕಾರದಿಂದ (ಅಂದರೆ ನಿರ್ವಾಹಕರಾಗಿ) ತೆರೆದು, ಆ ಒಂದು ಪದವನ್ನು ಮಾತ್ರ ಅಳಿಸಿ, ಕಡತವನ್ನು ಸೇವ್ ಮಾಡಿ. ಟರ್ಮಿನಲ್‌ನಲ್ಲಿ ಸುಡೋ ಜೊತೆ ‘ಅಪ್‌ಡೇಟ್-ಗ್ರಬ್’ ಆಜ್ಞೆ ಕೊಟ್ಟು ಕಂಪ್ಯೂಟರನ್ನು ಮರಳಿ ಆರಂಭಿಸಿ.

ಆ ಪದವೇ ಇಲ್ಲವೆಂದಾದರೆ ಕಾರ್ಡ್ ಯಾವುದೆಂದು ನೋಡಿ. ಎಎಂಡಿ, ಇಂಟೆಲ್ ಆದರೆ ಡ್ರೈವರ್ ಹುಡುಕಿಕೊಂಡು ಎಲ್ಲಿಗೂ ಹೋಗಬೇಡಿ; ಕರ್ನೆಲ್ ಮತ್ತು ಮೆಸಾ ಎಂಬ ಗ್ರಾಫಿಕ್ಸ್ ತಂತ್ರಾಂಶದಲ್ಲಿ ಅದು ಮೊದಲೇ ಇದೆ, ಸಿಸ್ಟಂ ಅಪ್‌ಡೇಟ್ ಮಾಡಿದರೆ ಸಾಕು. ಎನ್‌ವಿಡಿಯಾ ಆದರೆ ‘ಅಡಿಷನಲ್ ಡ್ರೈವರ್ಸ್’ ತೆರೆದು ಶಿಫಾರಸು ಮಾಡಿರುವುದನ್ನು ಆರಿಸಿ. ತಯಾರಕರ ಜಾಲತಾಣದಿಂದ ಇಳಿಸಿಕೊಳ್ಳುವ ವಿಂಡೋಸ್ ಅಭ್ಯಾಸವನ್ನು ಇಲ್ಲಿ ಬಿಟ್ಟುಬಿಡಿ. ಹಾಗೆ ಹಾಕಿದ ಡ್ರೈವರ್ ಮುಂದಿನ ಕರ್ನೆಲ್ ಅಪ್‌ಡೇಟ್‌ಗೆ ಕೈಕೊಡುವುದೇ ಹೆಚ್ಚು. ಸಹಿಯಿಲ್ಲದ ತಂತ್ರಾಂಶವನ್ನು ತಡೆಯುವ ಸೆಕ್ಯೂರ್ ಬೂಟ್ ಚಾಲೂ ಇದ್ದರೆ ಸ್ಥಾಪನೆಯ ನಡುವೆ ಒಂದು ಪಾಸ್‌ವರ್ಡ್ ಕೇಳುತ್ತದೆ, ಮರಳಿ ಆರಂಭಿಸಿದಾಗ ನೀಲಿ ಪರದೆಯೊಂದು ಬರುತ್ತದೆ. ಹೊಸಬರು ಅದನ್ನು ಕಂಡು ಗಾಬರಿಯಾಗಿ ‘ಕಂಟಿನ್ಯೂ ಬೂಟ್’ ಒತ್ತಿಬಿಡುತ್ತಾರೆ. ಒತ್ತಬೇಕಾದದ್ದು ‘ಎನ್‌ರೋಲ್ ಎಂಒಕೆ’, ಅಂದರೆ ಡ್ರೈವರಿನ ಸಹಿಯ ಕೀಲಿಯನ್ನು ನಂಬಲು ಒಪ್ಪಿಗೆ. ಅದಾದ ಮೇಲೆ ಅದೇ ಪಾಸ್‌ವರ್ಡ್ ಕೊಡಿ. ಇದನ್ನು ತಪ್ಪಿಸಿದರೆ ಡ್ರೈವರ್ ಡಿಸ್ಕಿನಲ್ಲಿದ್ದರೂ ಕರ್ನೆಲ್ ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಇನ್ನು ಮೂಲೆ ಸೇರುವ ಕಥೆ. ಸೆಟ್ಟಿಂಗ್ಸ್‌ನ ಡಿಸ್‌ಪ್ಲೇಸ್ ವಿಭಾಗದಲ್ಲಿ ಸ್ಕೇಲ್ 125% ಅಥವಾ 150% ಇದೆಯೇ ನೋಡಿ. ಉಬುಂಟು ಈಗ ಪರದೆಗೆ ಚಿತ್ರ ಕಳಿಸಲು ವೇಲ್ಯಾಂಡ್ ಎಂಬ ಹೊಸ ವ್ಯವಸ್ಥೆಯ ಮೇಲೆ ನಡೆಯುತ್ತದೆ, ಹೆಚ್ಚಿನ ಆಟಗಳು ಮಾತ್ರ ಇನ್ನೂ ಹಳೆಯ ಎಕ್ಸ್11 ಭಾಷೆಯನ್ನೇ ಆಡುತ್ತವೆ. ನಡುವೆ ದುಭಾಷಿಯಾಗಿ ಎಕ್ಸ್‌ವೇಲ್ಯಾಂಡ್ ನಿಂತಿರುತ್ತದೆ. ಸ್ಕೇಲ್ 125% ಇದ್ದಾಗ ಈ ದುಭಾಷಿ 1920×1080 ಪರದೆಯನ್ನು ಆಟಕ್ಕೆ 1536×864 ಎಂದು ಹೇಳಿಬಿಡಬಹುದು (1920ನ್ನು 1.25ರಿಂದ ಭಾಗಿಸಿ ನೋಡಿ). ಆಟದ ರೆಸಲ್ಯೂಷನ್ ಪಟ್ಟಿಯಲ್ಲಿ ಅದಕ್ಕಿಂತ ದೊಡ್ಡದು ಇಲ್ಲವೆಂದರೆ ಕಾರಣ ಇದೇ. ಸ್ಕೇಲನ್ನು 100%ಕ್ಕೆ ತಂದು ಆಟವನ್ನು ಮತ್ತೆ ತೆರೆಯಿರಿ. ಅಕ್ಷರ ತೀರಾ ಚಿಕ್ಕದೆನಿಸಿದರೆ ಅಕ್ಸೆಸಿಬಿಲಿಟಿಯಲ್ಲಿ ‘ಲಾರ್ಜ್ ಟೆಕ್ಸ್ಟ್’ ಹಾಕಿಕೊಳ್ಳಿ, ಅದರಿಂದ ಆಟಕ್ಕೆ ತೊಂದರೆಯಿಲ್ಲ.

ಹಳೆಯ ಆಟ ಅದಕ್ಕೂ ಬಗ್ಗದಿದ್ದರೆ ಗೇಮ್‌ಸ್ಕೋಪ್ ಎಂಬುದೊಂದಿದೆ, ಬೇರೆಯಾಗಿ ಸ್ಥಾಪಿಸಿಕೊಳ್ಳಬೇಕು. ಆಟಕ್ಕೆ ತನ್ನದೇ ಪುಟ್ಟ ಪರದೆ ಕೊಟ್ಟು, ಅದನ್ನು ಹಿಗ್ಗಿಸಿ ನಿಮ್ಮ ಮಾನಿಟರ್ ತುಂಬಿಸುವುದು ಅದರ ಕೆಲಸ. ನನ್ನ ಹಳೆಯ ಆಟಗಳಲ್ಲಿ ಅರ್ಧದಷ್ಟು ಅದರ ದಯೆಯಿಂದಲೇ ನಡೆಯುತ್ತಿವೆ. ಎನ್‌ವಿಡಿಯಾ ಕಾರ್ಡಿನಲ್ಲಿ ಮಾತ್ರ ಅದು ಆಗಾಗ ಹಟ ಹಿಡಿಯುತ್ತದೆ. ‘ಎಕ್ಸ್‌ಆರ್ಗ್‌ನಲ್ಲಿ (ಅಂದರೆ ಹಳೆಯ ಎಕ್ಸ್11ನಲ್ಲಿ) ಲಾಗಿನ್ ಆಗಿ’ ಎಂಬ ಹಳೆಯ ಸಲಹೆಯೂ ನಿಮ್ಮ ಕಣ್ಣಿಗೆ ಬೀಳಬಹುದು. ಉಬುಂಟು 25.10ರಿಂದ ಗ್ನೋಮ್‌ನಲ್ಲಿ (ಉಬುಂಟುವಿನ ಡೆಸ್ಕ್‌ಟಾಪ್‌ನಲ್ಲಿ) ಆ ಆಯ್ಕೆಯನ್ನೇ ತೆಗೆದಿದ್ದಾರೆ, ಹುಡುಕಿ ಸುಸ್ತಾಗಬೇಡಿ.

ಲ್ಯಾಪ್‌ಟಾಪ್‌ನಲ್ಲಿ ಎರಡು ಕಾರ್ಡ್ ಇದ್ದರೆ ಸ್ಟೀಮ್ ಐಕಾನ್ ಮೇಲೆ ಬಲ ಕ್ಲಿಕ್ ಮಾಡಿ ‘ಡಿಸ್ಕ್ರೀಟ್ ಗ್ರಾಫಿಕ್ಸ್ ಕಾರ್ಡ್’ ಬಳಸಿ ತೆರೆಯುವ ಆಯ್ಕೆ ಇದೆಯೇ ನೋಡಿ.

ಇಷ್ಟೆಲ್ಲ ಆದಮೇಲೂ ಆಟ ಮೊದಲ ಹತ್ತು ನಿಮಿಷ ಮಾತ್ರ ತಡವರಿಸಿ ಆಮೇಲೆ ಸರಾಗವಾದರೆ ತಲೆ ಕೆಡಿಸಿಕೊಳ್ಳಬೇಡಿ. ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ನಡೆಸುವ ಸ್ಟೀಮ್‌ನ ಪ್ರೋಟಾನ್, ಆಟದ ಡೈರೆಕ್ಟ್‌ಎಕ್ಸ್ ಮಾತನ್ನು (ವಿಂಡೋಸ್‌ನ ಗ್ರಾಫಿಕ್ಸ್ ಭಾಷೆ) ಲಿನಕ್ಸ್‌ಗೆ ತಿಳಿಯುವ ವಲ್ಕನ್‌ಗೆ ಅನುವಾದಿಸುತ್ತಿರುವಾಗ ಶೇಡರ್‌ಗಳು (ಬೆಳಕು, ಬಣ್ಣ ಬಿಡಿಸುವ ಪುಟ್ಟ ಪ್ರೋಗ್ರಾಂಗಳು) ಸಿದ್ಧವಾಗುತ್ತಿರುತ್ತವೆ. ಆರಂಭದಲ್ಲಿ ಸ್ಟೀಮ್ ತೋರಿಸುವ ‘ವಲ್ಕನ್ ಶೇಡರ್ಸ್’ ಪಟ್ಟಿ ತುಂಬುವವರೆಗೆ ಸ್ಕಿಪ್ ಒತ್ತದೆ ಕಾಯಿರಿ.

ಒಂದು ಬದಲಾವಣೆ ಮಾಡಿದಾಗ ಒಮ್ಮೆ ಆಟ ತೆರೆದು ನೋಡಿ, ಆಮೇಲೆ ಮುಂದಿನದಕ್ಕೆ ಕೈಹಾಕಿ. ಗ್ರಾಫಿಕ್ಸ್ ಸಾಲಿನಲ್ಲಿ ಏನು ಬರೆದಿತ್ತು, ಸ್ಕೇಲ್ ಎಷ್ಟಿತ್ತು ಎಂಬುದನ್ನು ಕೆಳಗೆ ತಿಳಿಸಿ, ನೋಡಿ ಹೇಳುತ್ತೇನೆ.