ಲ್ಯಾನ್ ಎಲ್ಲಿ ಮುಗಿಯಿತು, ವ್ಯಾನ್ ಎಲ್ಲಿ ಶುರುವಾಯಿತು?

ಪ್ರಶ್ನೆ: ಕಂಪ್ಯೂಟರ್ ನೆಟ್‌ವರ್ಕ್‌ಗಳಲ್ಲಿ ಲ್ಯಾನ್ (ಲೋಕಲ್ ಏರಿಯಾ ನೆಟ್‌ವರ್ಕ್) ಎಂದರೆ ಒಂದು ಕಟ್ಟಡ, ಮ್ಯಾನ್ (ಮೆಟ್ರೋಪಾಲಿಟನ್ ಏರಿಯಾ ನೆಟ್‌ವರ್ಕ್) ಎಂದರೆ ಒಂದು ನಗರ, ವ್ಯಾನ್ (ವೈಡ್ ಏರಿಯಾ ನೆಟ್‌ವರ್ಕ್) ಎಂದರೆ ದೇಶ ಎಂದು ನೋಟ್ಸ್‌ನಲ್ಲಿದೆ. ನಮ್ಮ ಕಾಲೇಜಿನಲ್ಲಿ ಎರಡು ಬ್ಲಾಕ್, ನಡುವೆ ಆಟದ ಮೈದಾನ, ಎರಡಕ್ಕೂ ಒಂದೇ ನೆಟ್‌ವರ್ಕ್. ಇದು ಯಾವುದು? ವೈಫೈ ಯಾವ ಗುಂಪಿಗೆ ಸೇರುತ್ತದೆ?
– ಬಿ.ಎಸ್ಸಿ. ವಿದ್ಯಾರ್ಥಿನಿ, ಗೋಣಿಕೊಪ್ಪಲು

ಉತ್ತರ: ಲ್ಯಾನ್ ಎಂದೇ ಬರೆಯಿರಿ. ಕ್ಯಾಂಪಸ್ ನೆಟ್‌ವರ್ಕ್ ಎಂದರೂ ತಪ್ಪಿಲ್ಲ. ಕಿಲೋಮೀಟರ್ ಲೆಕ್ಕ ಪರೀಕ್ಷೆಗೆ ಸಾಕು, ಕೆಲಸಕ್ಕೆ ಸಾಲದು. ಕೇಳಬೇಕಾದ ಪ್ರಶ್ನೆ ಬೇರೆ: ಎರಡು ತುದಿಗಳ ನಡುವಿನ ಲೈನ್ ಯಾರದ್ದು? ಮೈದಾನದ ಅಡಿಯಲ್ಲಿ ಹೋಗುವ ಕೇಬಲ್ ಕಾಲೇಜಿನದ್ದೇ, ಕೆಟ್ಟರೆ ರಿಪೇರಿ ಮಾಡಿಸುವವರೂ ಕಾಲೇಜಿನವರೇ. ಹಾಗಾಗಿ ಅದು ಲ್ಯಾನ್. ಬೇರೆಯವರ ಲೈನನ್ನು ತಿಂಗಳಿಗಿಷ್ಟು ಎಂದು ಕೊಟ್ಟು ಬಳಸುವ ಜಾಗದಿಂದ ವ್ಯಾನ್ ಶುರು. ರೂಟರಿನ ಹಿಂಭಾಗ ನೋಡಿದರೆ ಈ ಗಡಿ ಕಣ್ಣಿಗೇ ಕಾಣುತ್ತದೆ: ಸಾಲಾಗಿರುವ ನಾಲ್ಕು ಪೋರ್ಟ್ (ಕೇಬಲ್ ಚುಚ್ಚುವ ಜಾಗ) ಲ್ಯಾನ್, ಬಣ್ಣ ಬೇರೆ ಇರುವ ಒಂಟಿ ಪೋರ್ಟ್ ವ್ಯಾನ್. ಫೈಬರ್ ನೇರವಾಗಿ ಒಳಗೆ ಬರುವ ಪೆಟ್ಟಿಗೆಯಾದರೆ ಆ ಫೈಬರ್ ಪೋರ್ಟೇ ವ್ಯಾನ್.

ವ್ಯಾನ್ ಎಂದರೆ ಇಂಟರ್ನೆಟ್ ಎಂದೇ ಅನೇಕರ ನಂಬಿಕೆ. ಅದು ಸರಿಯಲ್ಲ. ಬೆಂಗಳೂರಿನಿಂದ ಜಿಲ್ಲಾ ಕೇಂದ್ರಗಳಿಗೂ ಅಲ್ಲಿಂದ ತಾಲ್ಲೂಕು ಕಚೇರಿಗಳಿಗೂ ಹೋಗಿರುವ ಕೆಸ್ವಾನ್ (ಕರ್ನಾಟಕ ಸ್ಟೇಟ್ ವೈಡ್ ಏರಿಯಾ ನೆಟ್‌ವರ್ಕ್) ಸರ್ಕಾರಿ ಕಚೇರಿಗಳಿಗೆಂದೇ ಇರುವ ವ್ಯಾನ್. ಅದು ಇಂಟರ್ನೆಟ್ ಅಲ್ಲ. ಇಂಟರ್ನೆಟ್ ಇಂಥ ಸಾವಿರಾರು ನೆಟ್‌ವರ್ಕ್‌ಗಳು ಒಂದಕ್ಕೊಂದು ಹೆಣೆದುಕೊಂಡ ಜಾಲ. ಮಡಿಕೇರಿ ಪೇಟೆಯಲ್ಲಿ ಕಂಬದಿಂದ ಕಂಬಕ್ಕೆ ಫೈಬರ್ ಎಳೆದು ಮನೆಮನೆಗೆ ಕೊಡುವ ಕೇಬಲ್ ಆಪರೇಟರನ ಜಾಲವನ್ನು ಮ್ಯಾನ್‌ಗೆ ಉದಾಹರಣೆಯಾಗಿ ಬರೆಯಬಹುದು. ಫೋನು ಮತ್ತು ಬ್ಲೂಟೂತ್ ಇಯರ್‌ಫೋನ್ ನಡುವಿನದ್ದು ಪ್ಯಾನ್ (ಪರ್ಸನಲ್ ಏರಿಯಾ ನೆಟ್‌ವರ್ಕ್), ಸುಮಾರು 10 ಮೀಟರ್ ಅಳತೆಯದ್ದು.

ವೈಫೈ ಈ ಸಾಲಿಗೆ ಸೇರುವುದೇ ಇಲ್ಲ. ಅದು ತಂತಿಯ ಬದಲು ರೇಡಿಯೋ, ಅಷ್ಟೆ. ಮನೆಯ ವೈಫೈ ನಿಮ್ಮ ಲ್ಯಾನ್‌ನ ತಂತಿಯಿಲ್ಲದ ಭಾಗ. ಮಳೆಗಾಲದಲ್ಲಿ ‘ವೈಫೈ ಫುಲ್ ಇದೆ, ಏನೂ ಓಪನ್ ಆಗ್ತಿಲ್ಲ’ ಎನ್ನುತ್ತೇವಲ್ಲ, ಆಗ ಲ್ಯಾನ್ ಚೆನ್ನಾಗಿದೆ, ವ್ಯಾನ್ ಬಿದ್ದಿದೆ ಎಂದರ್ಥ.

ಪ್ರಶ್ನೆ: ಮನೆಯಿಂದ ಕಣದ ಪಕ್ಕದ ಆಫೀಸಿಗೆ 180 ಮೀಟರ್. ಕ್ಯಾಟ್ 6 ಎಂಬ ತಾಮ್ರದ ನೆಟ್‌ವರ್ಕ್ ಕೇಬಲನ್ನು ಸಿಲ್ವರ್ ಮರಗಳಿಗೆ ಕಟ್ಟಿ ಎಳೆಸಿದ್ದೇವೆ. ಲಿಂಕ್ ಬರುತ್ತದೆ, ಹೋಗುತ್ತದೆ. ಹೂಮಳೆಯ ಜೊತೆ ಬಂದ ಗುಡುಗಿಗೆ ಎರಡೂ ಕಡೆಯ ನೆಟ್‌ವರ್ಕ್ ಸ್ವಿಚ್ (ಕೇಬಲ್‌ಗಳನ್ನು ಕೂಡಿಸುವ ಪೆಟ್ಟಿಗೆ) ಸುಟ್ಟುಹೋದವು. ಆಫೀಸಿಗೆ ಬೇರೆ ಕನೆಕ್ಷನ್ ತೆಗೆದುಕೊಳ್ಳಬೇಕೆ?
– ಕಾಫಿ ಬೆಳೆಗಾರರು, ಸಿದ್ದಾಪುರ

ಉತ್ತರ: ಬೇಡ. ತೋಟದೊಳಗೆ ನೀವೇ ಎಳೆಸಿದ ಲೈನ್ ಲ್ಯಾನ್ ಆದ್ದರಿಂದ ಒಂದೇ ಕನೆಕ್ಷನ್ ಸಾಕು. ಎಡವಿರುವುದು ತಂತಿಯ ಆಯ್ಕೆಯಲ್ಲಿ. ತಾಮ್ರದ ಈಥರ್ನೆಟ್ ಕೇಬಲ್‌ಗೆ ಮಿತಿ 100 ಮೀಟರ್: ಕದಲದ ಕೇಬಲ್ 90, ಎರಡೂ ತುದಿಯ ಪ್ಯಾಚ್ ಕಾರ್ಡ್‌ಗಳು (ಸಾಧನಕ್ಕೆ ಚುಚ್ಚುವ ತುಂಡು ಕೇಬಲ್) ಸೇರಿ 10. ಕ್ಯಾಟ್ 5ಇ ಬದಲು ಕ್ಯಾಟ್ 6 ಹಾಕಿದರೂ ಈ ಮಿತಿ ಬೆಳೆಯುವುದಿಲ್ಲ. 180 ಮೀಟರಿಗೆ ಲಿಂಕ್ ಅಷ್ಟಿಷ್ಟು ಬಂದದ್ದೇ ನಿಮ್ಮ ಅದೃಷ್ಟ.

ಅಗ್ಗಕ್ಕೆ ಸಿಕ್ಕ ಕೇಬಲ್ ಆಗಿದ್ದರೆ ಇನ್ನೊಂದು ಪರೀಕ್ಷೆ ಮಾಡಿ. ಒಂದು ಎಳೆಯ ತುದಿಯನ್ನು ಬ್ಲೇಡಿನಿಂದ ಕೆರೆಯಿರಿ. ಒಳಗೂ ಕೆಂಪಗೇ ಇದ್ದರೆ ತಾಮ್ರ. ಬೆಳ್ಳಗೆ ಹೊಳೆದರೆ ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ. ಎರಡನೆಯದಕ್ಕೆ ತೇವ ತಾಗಿದರೆ ತುದಿಗಳು ಬೇಗ ಹಾಳಾಗುತ್ತವೆ, ಬಗ್ಗಿಸಿದಲ್ಲಿ ಮುರಿಯುತ್ತದೆ. ಕೊಡಗಿನ ಜೂನ್‌–ಆಗಸ್ಟ್‌ಗೆ ಅದು ತಾಳುವ ಮಾಲಲ್ಲ.

ಸ್ವಿಚ್ ಸುಡಲು ಸಿಡಿಲು ನೇರ ಕೇಬಲ್ ಮೇಲೆ ಬೀಳಬೇಕಿಲ್ಲ. ಮನೆಗೊಂದು ಅರ್ತಿಂಗ್, ಆಫೀಸಿಗೊಂದು ಅರ್ತಿಂಗ್. ಹತ್ತಿರದಲ್ಲಿ ಸಿಡಿಲು ಹೊಡೆದಾಗ ಆ ಎರಡು ನೆಲಗಳ ನಡುವೆ ಭಾರೀ ವೋಲ್ಟೇಜ್ ವ್ಯತ್ಯಾಸ ಉಂಟಾಗುತ್ತದೆ. ತಾಮ್ರದ ತಂತಿ ಅದಕ್ಕೆ ದಾರಿ ಮಾಡಿಕೊಡುತ್ತದೆ. ಗಾಜಿನ ಫೈಬರ್ ಕೊಡುವುದಿಲ್ಲ. ಆದ್ದರಿಂದ ಕಟ್ಟಡದಿಂದ ಕಟ್ಟಡಕ್ಕೆ ದೂರ 40 ಮೀಟರೇ ಇದ್ದರೂ ಫೈಬರ್ ಹಾಕುವುದೇ ಕ್ಷೇಮ.

ಬೇಕಾಗುವ ಸಾಮಾನು: 2 ಕೋರ್ (ಎರಡು ಎಳೆಯ) ಸಿಂಗಲ್ ಮೋಡ್ ಫೈಬರ್ ಸುಮಾರು 210 ಮೀಟರ್ (ಎರಡೂ ತುದಿಗೆ ಹತ್ತು–ಹದಿನೈದು ಮೀಟರ್ ಸುರುಳಿ ಬಿಡಿ), ಗಿಗಾಬಿಟ್ ಮೀಡಿಯಾ ಕನ್ವರ್ಟರ್ (ಫೈಬರಿನ ಬೆಳಕನ್ನು ತಾಮ್ರದ ಕೇಬಲಿನ ಸಿಗ್ನಲ್ ಆಗಿ, ಅದನ್ನು ಮತ್ತೆ ಬೆಳಕಾಗಿ ಬದಲಿಸುವ ಪೆಟ್ಟಿಗೆ) ಒಂದು ಜೊತೆ, ಹೂಳಲು ಕಪ್ಪು ಎಚ್‌ಡಿಪಿಇ ಪೈಪು. ಕನ್ವರ್ಟರ್ ಕೊಳ್ಳುವಾಗ ಎಚ್ಚರ. ಒಂದೇ ಎಳೆಯಲ್ಲಿ ಕೆಲಸ ಮಾಡುವ ಬಗೆಯಾದರೆ ಒಂದು ‘ಎ’, ಇನ್ನೊಂದು ‘ಬಿ’ ಇರಬೇಕು. ಒಂದು 1310 ನ್ಯಾನೋಮೀಟರಿನಲ್ಲಿ ಕಳಿಸಿದರೆ ಇನ್ನೊಂದು 1550ರಲ್ಲಿ. ಎರಡೂ ‘ಎ’ ಬಂದರೆ ಫೈಬರ್ ಕಡೆಯ ದೀಪ ಹತ್ತುವುದೇ ಇಲ್ಲ, ತಪ್ಪು ಮಾತ್ರ ಕೇಬಲ್ ಎಳೆದವನ ತಲೆಗೆ ಬರುತ್ತದೆ. ಕಂಬದಿಂದ ಕಂಬಕ್ಕೆ ಎಳೆಯುವ ಡ್ರಾಪ್ ಕೇಬಲ್‌ನಲ್ಲಿ ಆಸರೆಗೆ ಉಕ್ಕಿನ ತಂತಿ ಇರುತ್ತದೆ. ಅದನ್ನು ಹಾಗೇ ಮನೆಯೊಳಗೆ ತಂದರೆ ಸಿಡಿಲಿಗೆ ಮತ್ತೆ ದಾರಿ ತೆರೆದ ಹಾಗೆ. ಪೈಪಿನೊಳಗೆ ಹೋಗುವುದರಿಂದ ಲೋಹವಿಲ್ಲದ ಕೇಬಲ್ ಕೇಳಿ ಪಡೆಯಿರಿ, ಇಲಿ ಕಡಿತಕ್ಕೆ ಪೈಪೇ ರಕ್ಷಣೆ. ಎಳೆಯುವಾಗ ಕೇಬಲ್ ದಪ್ಪದ 20 ಪಟ್ಟಿಗಿಂತ ಕಡಿಮೆ ತ್ರಿಜ್ಯಕ್ಕೆ ಬಗ್ಗಿಸಬೇಡಿ. ತುದಿ ಜೋಡಿಸುವುದನ್ನು ಸ್ಪ್ಲೈಸಿಂಗ್ ಯಂತ್ರ ಇರುವವರಿಗೇ ಬಿಡಿ, ಚಾಲೂ ಇರುವ ಫೈಬರ್ ತುದಿಗೆ ಕಣ್ಣಿಟ್ಟು ನೋಡಬೇಡಿ.

ಇನ್ನು ವೈರ್‌ಲೆಸ್ ಮಾಡಬಹುದಲ್ಲ ಎಂದು ಅಂಗಡಿಯವರು ಹೇಳಬಹುದು. 5.8 ಗಿಗಾಹರ್ಟ್ಸ್ ಆಂಟೆನಾಗಳಿಗೆ 180 ಮೀಟರ್ ಲೆಕ್ಕಕ್ಕಿಲ್ಲ. ಆದರೆ ನೇರ ನೋಟದ ಗೆರೆಯ ಸುತ್ತ, ನಡುಮಧ್ಯದಲ್ಲಿ ಸುಮಾರು ಒಂದೂವರೆ ಮೀಟರ್ ಜಾಗ ಖಾಲಿ ಇರಬೇಕು. ನೆರಳಿನ ಮರಗಳಿರುವ ತೋಟದಲ್ಲಿ ಅದೆಲ್ಲಿ ಬರಬೇಕು? ಬೇಸಿಗೆಯಲ್ಲಿ ಹೊಂದಿಸಿದ ಲಿಂಕ್, ಮಳೆಗೆ ಎಲೆಗಳೆಲ್ಲ ನೆನೆದಾಗ ಕುಸಿಯುತ್ತದೆ. ಮರಕಸಿ (ನೆರಳಿನ ಮರಗಳ ಕೊಂಬೆ ಸವರುವುದು) ಆದ ಮೇಲೆ ಚೆನ್ನಾಗಿದೆ ಎಂದು ನಂಬಿದವರು ಮರುವರ್ಷ ಚಿಗುರು ಬಂದಾಗ ಬೈದುಕೊಳ್ಳುತ್ತಾರೆ.

ಕರೆಂಟ್ ಹೋದಾಗ ಎರಡೂ ತುದಿಯ ಕನ್ವರ್ಟರ್‌ಗೆ ಪವರ್ ಬೇಕು ಎಂಬುದು ನೆನಪಿರಲಿ. ಮಿನಿ ಯುಪಿಎಸ್ ಕೊಳ್ಳುವ ಮೊದಲು ಅಡಾಪ್ಟರ್ ಮೇಲೆ 5 ವೋಲ್ಟ್ ಇದೆಯೋ 12 ಇದೆಯೋ ಓದಿಕೊಳ್ಳಿ.

ಪ್ರಶ್ನೆ: ಹೋಂಸ್ಟೇಯಲ್ಲಿ ಸಿಗ್ನಲ್ ಸಾಲದೆ ಎರಡನೇ ರೂಟರ್ ಹಾಕಿಸಿದೆವು. ಇಂಟರ್ನೆಟ್ ಎಲ್ಲ ಕಡೆ ಬರುತ್ತದೆ. ಆದರೆ ರಿಸೆಪ್ಷನ್ ಲ್ಯಾಪ್‌ಟಾಪಿಗೆ ಒಳಮನೆಯ ಪ್ರಿಂಟರ್ ಕಾಣುತ್ತಿಲ್ಲ.
– ಕಕ್ಕಬ್ಬೆ

ಉತ್ತರ: ಒಂದು ಸೂರಿನಡಿ ಎರಡು ಲ್ಯಾನ್ ಆಗಿವೆ. ಪ್ರಿಂಟರಿನ ಮತ್ತು ಲ್ಯಾಪ್‌ಟಾಪಿನ ಐಪಿ ವಿಳಾಸ ಪಕ್ಕಪಕ್ಕ ಬರೆದುಕೊಳ್ಳಿ. ಒಂದು 192.168.0.105, ಇನ್ನೊಂದು 192.168.1.23 ಎಂಬಂತಿದ್ದರೆ (ಮೂರನೆಯ ಅಂಕಿ ನೋಡಿ) ಅವು ಬೇರೆ ಬೇರೆ ನೆಟ್‌ವರ್ಕ್. ಎರಡನೇ ರೂಟರಿನ ವ್ಯಾನ್ ಪೋರ್ಟಿಗೆ ಕೇಬಲ್ ಚುಚ್ಚಿರುವುದೇ ಕಾರಣ. ಅದು ತನ್ನ ಹಿಂದೆ ಹೊಸ ಗಡಿ ಹಾಕಿಕೊಂಡಿದೆ.

ಸರಿಮಾಡುವ ಕ್ರಮ ಹೀಗೆ. ಎರಡನೇ ರೂಟರಿಗೆ ಮಾತ್ರ ಲ್ಯಾಪ್‌ಟಾಪ್ ಜೋಡಿಸಿ ಸೆಟ್ಟಿಂಗ್ ತೆರೆಯಿರಿ. ಮೊದಲನೆಯ ರೂಟರ್ 192.168.1.1 ಆಗಿದ್ದರೆ ಇದರ ಲ್ಯಾನ್ ವಿಳಾಸವನ್ನು 192.168.1.2 ಮಾಡಿ ಸೇವ್ ಮಾಡಿ. ಆ ವಿಳಾಸ ಬೇರೆ ಯಾವ ಸಾಧನಕ್ಕೂ ಸಿಕ್ಕಿರಬಾರದು. ಹೊಸ ವಿಳಾಸದಲ್ಲಿ ಮತ್ತೆ ಒಳಹೊಕ್ಕು ಡಿಎಚ್‌ಸಿಪಿ (ಸಾಧನಗಳಿಗೆ ಐಪಿ ವಿಳಾಸ ಹಂಚುವ ವ್ಯವಸ್ಥೆ) ಆಫ್ ಮಾಡಿ. ಈ ಕ್ರಮ ತಲೆಕೆಳಗಾದರೆ ಲ್ಯಾಪ್‌ಟಾಪಿಗೆ ವಿಳಾಸವೇ ಸಿಗದೆ ನೀವು ಹೊರಗೇ ಉಳಿಯಬಹುದು. ಆಮೇಲೆ ಕೇಬಲನ್ನು ವ್ಯಾನ್ ಪೋರ್ಟಿನಿಂದ ಕಿತ್ತು ಲ್ಯಾನ್ ಪೋರ್ಟಿಗೆ ಹಾಕಿ. ಪ್ರಿಂಟರನ್ನೂ ಲ್ಯಾಪ್‌ಟಾಪನ್ನೂ ಒಮ್ಮೆ ಆಫ್ ಮಾಡಿ ಆನ್ ಮಾಡಿ. ‘ಆಕ್ಸೆಸ್ ಪಾಯಿಂಟ್ ಮೋಡ್’ ಎಂಬ ಆಯ್ಕೆ ಇದ್ದರೆ ಇಷ್ಟನ್ನೂ ಅದೇ ಮಾಡುತ್ತದೆ.

ಡಿಎಚ್‌ಸಿಪಿ ಆಫ್ ಮಾಡಲು ಮರೆತರೆ ಎರಡು ರೂಟರ್‌ಗಳೂ ವಿಳಾಸ ಹಂಚಲು ಪೈಪೋಟಿಗಿಳಿದು, ಒಂದು ಫೋನಿಗೆ ಬರುವ ಇಂಟರ್ನೆಟ್ ಪಕ್ಕದ ಫೋನಿಗೆ ಬರುವುದಿಲ್ಲ. ಅತಿಥಿಗಳಿಗೆ ಮಾತ್ರ ಬೇರೆ ನೆಟ್‌ವರ್ಕ್ ಇರುವುದು ಒಳ್ಳೆಯದೇ. ಅದಕ್ಕೆ ಮೊದಲನೆಯ ರೂಟರಿನ ಗೆಸ್ಟ್ ವೈಫೈ ಬಳಸಿ.

ಪ್ರಶ್ನೆ: ನಾಪೋಕ್ಲಿನ ಮನೆಯ ಸಿಸಿಟಿವಿಯನ್ನು ಬೆಂಗಳೂರಿನಿಂದ ನೋಡಲು ಪೋರ್ಟ್ ಫಾರ್ವರ್ಡಿಂಗ್ (ಹೊರಗಿನ ಕರೆಯನ್ನು ರೂಟರ್ ಒಳಗಿನ ಸಾಧನಕ್ಕೆ ದಾಟಿಸುವ ಸೆಟ್ಟಿಂಗ್) ಮಾಡಿದರೂ ತೆರೆಯುತ್ತಿಲ್ಲ.

ಉತ್ತರ: ರೂಟರಿನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ ನೋಡಿ. ಅದು 100.64ರಿಂದ 100.127ರ ಒಳಗೆ ಅಥವಾ 10ರಿಂದ ಶುರುವಾಗಿದ್ದರೆ ನಿಮ್ಮ ವ್ಯಾನ್ ಪೋರ್ಟಿನಾಚೆ ಇರುವುದು ಇಂಟರ್ನೆಟ್ ಅಲ್ಲ, ಸೇವಾದಾರರ ಒಳಜಾಲ. ಹಲವು ಮನೆಗಳಿಗೆ ಅವರು ಒಂದೇ ಸಾರ್ವಜನಿಕ ವಿಳಾಸ ಹಂಚಿರುತ್ತಾರೆ, ಆದ್ದರಿಂದ ಹೊರಗಿನಿಂದ ಬಂದ ಕರೆಗೆ ನಿಮ್ಮ ಮನೆ ಯಾವುದೆಂದು ಗೊತ್ತಾಗದು. ಸ್ಟ್ಯಾಟಿಕ್ ಐಪಿ (ನಿಮಗೇ ಮೀಸಲಾದ, ಬದಲಾಗದ ಸಾರ್ವಜನಿಕ ವಿಳಾಸ) ಕೇಳಿ ಪಡೆಯಿರಿ, ಇಲ್ಲವೇ ಕ್ಯಾಮೆರಾ ಕಂಪನಿಯ ಆ್ಯಪ್ ಮೂಲಕ ನೋಡಿ. ಆ್ಯಪ್ ಬಳಸುವುದಾದರೆ ಡಿವಿಆರ್‌ನ (ಕ್ಯಾಮೆರಾ ದೃಶ್ಯ ದಾಖಲಿಸುವ ಪೆಟ್ಟಿಗೆಯ) ಮೂಲ ಪಾಸ್‌ವರ್ಡ್ ಬದಲಿಸಿ, ಮಾಡಿಟ್ಟ ಪೋರ್ಟ್ ಫಾರ್ವರ್ಡಿಂಗನ್ನು ಅಳಿಸಿಬಿಡಿ.